ನಮ್ಮೂರಿನಲ್ಲಿ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ?

ನೀರು 100 ಡಿಗ್ರಿ ಸೆಂಟಿಗ್ರೇಡಿಗೆ ಕುದಿಯುತ್ತದೆಂದು ನಾವೆಲ್ಲ ಕೆಳಗಿನ ತರಗತಿಗಳಿಂದಲೂ ಬಾಯಿಪಾಠ ಮಾಡಿದ್ದೇವೆ. ಹತ್ತನೆಯ ತರಗತಿಗೆ ಬಂದ ಮೇಲೆ ಪ್ರಯೋಗಶಾಲೆಯಲ್ಲಿ ಅದನ್ನು ಕಣ್ಣಾರೆ ನೋಡುವ ಸಂದರ್ಭ ಒದಗಿತು. ಬೀಕರಿನ ನೀರು ಕೊತಕೊತನೆ ಕುದಿಯತೊಡಗಿತು. ಆದರೆ ಉಷ್ಣತಾಮಾಪಕದ ಪಾದರಸ 98ನ್ನು ದಾಟಿ ಅರ್ಧ ಡಿಗ್ರಿ ಏರಿ ಅಲ್ಲಿಯೇ ನಿಂತುಬಿಟ್ಟಿತು. ಉರಿ ಹೆಚ್ಚಿಸಿದೆವು, ಹಬೆ ಹೆಚ್ಚಾಯಿತೇ ಹೊರತು ಪಾದರಸ ಮೇಲೇರಲಿಲ್ಲ. ಮಾಪಕವೇ ಕೆಟ್ಟಿದೆಯೆಂದು ಭಾವಿಸಿ ನಮ್ಮಲ್ಲಿ ಹಲವರು ರೆಕಾರ್ಡ್ ಪುಸ್ತಕದಲ್ಲಿ 100 ಎಂದೇ ಬರೆದೆವು. ಕೆಲವರಂತೂ ಮೊದಲು ಬರೆದಿದ್ದ 98.5ನ್ನು ರಬ್ಬರಿನಿಂದ ಅಳಿಸಿದೆವು. ಇದನ್ನು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಗುರುಗಳು ಬೈಯಲಿಲ್ಲ. ಸೋಡಾ ಅಂಗಡಿಯಿಂದ ಮಂಜುಗಡ್ಡೆ ತರಿಸಿ, ಪುಡಿಮಾಡಿ, ಅದು ಕರಗುತ್ತಿರುವಾಗ ಅದೇ ಮಾಪಕವನ್ನು ಅದರಲ್ಲಿ ಇಡಿಸಿದರು. ಪಾದರಸ ಸರಿಯಾಗಿ 0ಗೆ ಇಳಿಯಿತು. ಕುದಿಯುವ ನೀರಿನಲ್ಲಿ ಇನ್ನೆರಡು ಮಾಪಕಗಳನ್ನು ಇಟ್ಟು ನೋಡಿದೆವು. ಅವೂ 98.5ನ್ನೇ ತೋರಿಸಿದವು. ಹಾಗಾದರೆ ತಪ್ಪು ಎಲ್ಲಿದೆ?

ತಪ್ಪು ಎಲ್ಲಿಯೂ ಇಲ್ಲ. ಪಾಠದಲ್ಲಿ ಹೇಳಿದ 100 ಡಿಗ್ರಿ ಸಮುದ್ರಮಟ್ಟದ ಲೆಕ್ಕ. ಅಲ್ಲಿ ವಾಯುಭಾರ 760 ಮಿಲಿಮೀಟರ್ ಪಾದರಸದಷ್ಟು. ಆದವಾನಿ ಸಮುದ್ರಮಟ್ಟಕ್ಕಿಂತ ಸುಮಾರು 435 ಮೀಟರ್ ಎತ್ತರದಲ್ಲಿದೆ. ನಮ್ಮ ತಲೆಯ ಮೇಲಿರುವ ಗಾಳಿ ಅಷ್ಟು ಕಡಿಮೆಯಾದುದರಿಂದ ಇಲ್ಲಿನ ವಾಯುಭಾರ ಸುಮಾರು 720 ಮಿಲಿಮೀಟರ್ ಮಾತ್ರ. ನೀರಿನೊಳಗೆ ಹುಟ್ಟುವ ಹಬೆಯ ಗುಳ್ಳೆಗಳು ಹೊರಗಿನ ಒತ್ತಡವನ್ನು ಎದುರಿಸಿ ನಿಲ್ಲುವಷ್ಟು ಬಲ ಪಡೆದಾಗಲೇ ನೀರು ಕುದಿಯುವುದು. ಹೊರಗಿನ ಒತ್ತಡ ಕಡಿಮೆಯಿದ್ದರೆ ಕಡಿಮೆ ಉಷ್ಣತೆಯೇ ಸಾಕು. ಸುಮಾರು 300 ಮೀಟರ್ ಏರಿದರೆ ಕುದಿಬಿಂದು ಒಂದು ಡಿಗ್ರಿಯಷ್ಟು ಇಳಿಯುತ್ತದೆ.

ಮಂಜುಗಡ್ಡೆ ಮಾತ್ರ ಏಕೆ 0ಗೇ ಕರಗಿತು ಎಂಬುದು ನಮ್ಮ ಮುಂದಿನ ಪ್ರಶ್ನೆ. ನೀರು ಹಬೆಯಾಗುವಾಗ ಅದರ ಗಾತ್ರ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಅಷ್ಟು ಜಾಗಕ್ಕಾಗಿ ಗಾಳಿಯನ್ನು ತಳ್ಳಬೇಕು. ಮಂಜುಗಡ್ಡೆ ನೀರಾಗುವಾಗ ಗಾತ್ರ ಸ್ವಲ್ಪವೇ ಬದಲಾಗುತ್ತದೆ, ಅದೂ ಕುಗ್ಗುತ್ತದೆ. ಆದುದರಿಂದ ಒತ್ತಡ ಎರಡು ಪಟ್ಟಾದರೂ ಕರಗುವ ಬಿಂದು ಒಂದು ಡಿಗ್ರಿಯ ನೂರನೆಯ ಒಂದು ಭಾಗದಷ್ಟೂ ಇಳಿಯುವುದಿಲ್ಲ.

ಮನೆಯಲ್ಲಿ ತಾಯಂದಿರು ಈ ನಿಯಮವನ್ನು ದಿನವೂ ಬಳಸುತ್ತಾರೆ. ಪ್ರೆಷರ್ ಕುಕ್ಕರಿನಲ್ಲಿ ಹಬೆ ಹೊರಹೋಗದಂತೆ ತಡೆದಾಗ ಒಳಗಿನ ಒತ್ತಡ ಸುಮಾರು ಎರಡು ಪಟ್ಟಾಗಿ ನೀರು 120 ಡಿಗ್ರಿಯ ಹತ್ತಿರ ಕುದಿಯುತ್ತದೆ. ತೊಗರಿಬೇಳೆ ಬೇಗ ಬೇಯುತ್ತದೆ. ತೆರೆದ ಪಾತ್ರೆಯಲ್ಲಾದರೋ, ಗ್ಯಾಸ್ ಇರಲಿ, ಹತ್ತಿ ಕಟ್ಟಿಗೆಯ ಒಲೆ ಇರಲಿ, ಕುದಿ ಬಂದ ಮೇಲೆ ಎಷ್ಟು ಉರಿ ಹೆಚ್ಚಿಸಿದರೂ ನೀರು ಇನ್ನಷ್ಟು ಬಿಸಿಯಾಗದು, ಬೇಗ ಆರಿಹೋಗುತ್ತದೆ ಅಷ್ಟೆ. ಈ ಮಾತನ್ನು ಮನೆಯಲ್ಲಿ ಹೇಳಿದಾಗ ನಮ್ಮನ್ನು ಯಾರೂ ಮೊದಲು ನಂಬಲಿಲ್ಲ!

ಗುಂತಕಲ್ಲಿನ ಕಡೆಯಿಂದ ಬರುತ್ತಿದ್ದ ಉಗಿಬಂಡಿಗಳನ್ನು ನಮ್ಮ ಹಿರಿಯರು ನೋಡಿದ್ದಾರೆ. ನಮ್ಮ ದೇಶದ ಡಬ್ಲ್ಯು.ಜಿ. ಮಾದರಿಯ ಇಂಜಿನ್ನಿನ ಬಾಯ್ಲರಿನಲ್ಲಿ ಒತ್ತಡ ವಾಯುಭಾರದ ಸುಮಾರು 15 ಪಟ್ಟು. ಅಲ್ಲಿ ನೀರು ಕುದಿಯುತ್ತಿದ್ದುದು 200 ಡಿಗ್ರಿಯ ಆಸುಪಾಸಿನಲ್ಲಿ. ಇದಕ್ಕೆ ವಿರುದ್ಧವಾಗಿ, ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ನೀರು 88 ಡಿಗ್ರಿಗೇ ಕುದಿಯುತ್ತದೆ. ಕುಕ್ಕರಿಲ್ಲದೆ ಅಲ್ಲಿ ಬೇಳೆ ಬೇಯಿಸುವುದು ಕಷ್ಟ. ಒತ್ತಡವನ್ನು ಇನ್ನೂ ಇಳಿಸುತ್ತ 4.6 ಮಿಲಿಮೀಟರಿಗೆ ತಂದರೆ, 0.01 ಡಿಗ್ರಿಯಲ್ಲಿ ಮಂಜುಗಡ್ಡೆ, ನೀರು, ಹಬೆ ಮೂರೂ ಒಂದೇ ಪಾತ್ರೆಯಲ್ಲಿ ಒಟ್ಟಿಗೆ ಇರಬಲ್ಲವು. ಅದಕ್ಕಿಂತಲೂ ಇಳಿಸಿದರೆ ಮಂಜುಗಡ್ಡೆ ನೀರಾಗದೆ ನೇರವಾಗಿ ಆವಿಯಾಗುತ್ತದೆ.

ರೆಕಾರ್ಡ್ ಪುಸ್ತಕಗಳಲ್ಲಿ 100ನ್ನು ಹೊಡೆದುಹಾಕಿ 98.5 ಎಂದು ಬರೆದಿದ್ದೇವೆ. ಹಳೆಯ ಅಂಕಿ ಕಾಣುವಂತೆಯೇ ಇರಲಿ ಎಂದರು ಗುರುಗಳು. ಪರೀಕ್ಷೆ ಮುಗಿದ ಮೇಲೆ ಸ್ಟೌ, ಬೀಕರು, ಮಾಪಕಗಳನ್ನು ಹೊತ್ತು ಕೋಟೆಯ ಬೆಟ್ಟ ಹತ್ತಬೇಕೆಂದಿದ್ದೇವೆ. ಅಲ್ಲಿ ಪಾದರಸ ಇನ್ನೂ ಕೆಳಗೆ ನಿಲ್ಲಬೇಕು.