ಭಂಕೂರದ ಫರಸಿ ಮೇಲೆ ಕೌದಿ

ಬೆಳಗಿನ ಹತ್ತರ ಸುಮಾರಿಗೆ ಬಿಸಿಲು ತಲಬಾಗಿಲು ದಾಟಿ ಪಡಸಾಲೆಯ ಅರ್ಧದವರೆಗೆ ಬರುತ್ತದೆ. ಅಕ್ಕೋರು ಫೋಟೋ ತೆಗೆಯಲು ಕಾಯುವುದು ಆ ಹೊತ್ತಿಗೇ. ಮೊದಲು ಫರಸಿಯನ್ನು, ಅಂದರೆ ಶಹಾಬಾದಿ ಕಲ್ಲು ಹಾಸಿದ ನೆಲವನ್ನು, ಹಸಿ ಬಟ್ಟೆಯಿಂದ ಒರೆಸುತ್ತಾರೆ, ಆರಿದ ಮೇಲೆ ಒಣ ಬಟ್ಟೆಯಿಂದ ಮತ್ತೊಮ್ಮೆ. ಶಹಾಬಾದಿನ ಮಗ್ಗುಲಿಗೇ ಇರುವ ಊರು ಭಂಕೂರ. ಈ ಸೀಮೆಯ ತುಂಬ ಕಲ್ಲಿನ ಗಣಿ, ಕಲ್ಲು ಕೊಯ್ಯುವ ಮಷೀನು, ಪಾಲಿಶ್ ಹಿಡಿಯುವ ಶೆಡ್ಡು. ಬೂದು ಬಣ್ಣದ ನುಣ್ಣನೆಯ ಧೂಳು ಕಣ್ಣಿಗೆ ಕಾಣುವುದಿಲ್ಲ, ಮೊಬೈಲಿನ ಕ್ಯಾಮೆರಾಕ್ಕೆ ಮಾತ್ರ ಕಂಡೇ ಕಾಣುತ್ತದೆ. ಕಪ್ಪು ಬಟ್ಟೆಯ ಮೇಲೆ ಒಂದು ಚಿಟಿಕೆ ಕೂತಿದ್ದರೂ ಫೋಟೋ ನೋಡಿದವರು ಹಳೆ ಮಾಲು ಅಂದುಕೊಳ್ಳುತ್ತಾರೆ.

ಆಮೇಲೆ ಕೌದಿ ಹಾಸುತ್ತಾರೆ. ಒಂದು ತುದಿ ಅಕ್ಕೋರು, ಇನ್ನೊಂದು ತುದಿ ಅವರ ಸೊಸೆ.

“ಇನ್ನಾ ಸ್ವಲ್ಪ ಎಳಿ, ಅಂಚು ಸೊಟ್ಟ ಬರ್ಲಕತ್ತದ.”

“ಅದು ಹೊಲಿಗ್ಯಾಗೇ ಸೊಟ್ಟ ಅದರೀ ಅತ್ತಿ.”

“ಇರಲಿ ಬಿಡು. ಸೊಟ್ಟ ಇದ್ದದ್ದು ಸೊಟ್ಟೇ ಕಾಣಲಿ.”

ಮೊದಲು ಹೊಲಿಗೆ ಕಲಿಸುತ್ತಿದ್ದುದರಿಂದ ಊರೆಲ್ಲ ಅವರನ್ನು ಅಕ್ಕೋರು ಎಂದೇ ಕರೆಯುತ್ತದೆ. ಈಗ ಅವರದು ಆನ್‌ಲೈನ್ ಅಂಗಡಿ. ಅಂಗಡಿಯೆಂದರೆ ಈ ಪಡಸಾಲೆ, ಒಂದು ಅಲಮಾರಿ, ಎರಡು ಮೊಬೈಲು, ಒಂದು ತೂಕದ ಮಷೀನು, ಉದ್ದನೆಯ ಲೆಕ್ಕದ ಪುಸ್ತಕ. ಭಂಕೂರದ ಹೆಣ್ಣುಮಕ್ಕಳ ಕೌದಿ, ಚಿತ್ತಾಪುರ ಮತ್ತು ಚಿಂಚೋಳಿ ಕಡೆಯ ತಾಂಡಾಗಳ ಲಂಬಾಣಿ ಕಸೂತಿ ಇಲ್ಲಿಗೆ ಬಂದು, ಇಲ್ಲಿಂದ ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ಹೋಗುತ್ತದೆ.

ನೆಲದ ಮೇಲೆ ಬಿಚ್ಚಿದ ಕೌದಿಯನ್ನು ಹತ್ತಿರ ಕೂತು ನೋಡಬೇಕು. ನಡುವೆ ಒಂದು ಇಳಕಲ್ ಸೀರೆಯ ಸೆರಗು, ಉಟ್ಟು ಉಟ್ಟು ಕೆಂಪು ಮಾಸಿ ದಾಳಿಂಬೆ ಸಿಪ್ಪೆಯ ಬಣ್ಣಕ್ಕೆ ಬಂದಿದೆ. ಸುತ್ತ ಖಣದ ಚೂರು, ಶಾಲೆಯ ಯೂನಿಫಾರಮ್ಮಿನ ನೀಲಿ ತುಂಡು, ಹೂವಿನ ನೈಟಿಯದೊಂದು ಪಟ್ಟಿ. ಒಳಗೆ ಎರಡು ಮೂರು ಪದರ ಹಳೆಯ ಸೀರೆ, ಧೋತರ. ಟಾಕಿ, ಅಂದರೆ ಕೈಹೊಲಿಗೆ, ಅಂಚಿನಿಂದ ಶುರುವಾಗಿ ಸುತ್ತುತ್ತ ಸುತ್ತುತ್ತ ಒಳಗೆ ಸಾಗಿ ನಡುವಿಗೆ ಬಂದು ನಿಲ್ಲುತ್ತದೆ. ಮಗುಚಿ ಹಾಕಿದರೆ ಬಣ್ಣದ ಗದ್ದಲ ಮಾಯ. ಒಂದೇ ಬಿಳಿ ಧೋತರದ ಮೇಲೆ ಸಾಲು ಸಾಲು ಟಾಕಿ, ಆಗತಾನೆ ಕುಂಟಿ ಹೊಡೆದ ಹೊಲದ ಹಾಗೆ. ಒಂದು ಮೊಳದವರೆಗೆ ಟಾಕಿ ಬಿಗಿಯಾಗಿದೆ, ಮುಂದೆ ಸಡಿಲಾಗಿ ಮತ್ತೆ ಬಿಗಿಯಾಗಿದೆ. ಬಿಗಿಯಾದದ್ದು ಅತ್ತೆಯ ಕೈ, ಸಡಿಲಾದದ್ದು ಸೊಸೆಯ ಕೈ ಎಂದು ಅಕ್ಕೋರು ಬೆರಳಿಟ್ಟು ತೋರಿಸುತ್ತಾರೆ. ನನ್ನ ಮಟ್ಟಿಗೆ ಕೌದಿಯ ನಿಜವಾದ ಮುಖ ಈ ಹಿಂಬದಿಯೇ. ಅಕ್ಕೋರೂ ಹಿಂಬದಿಯ ಫೋಟೋ ಹಾಕದೆ ಒಂದನ್ನೂ ಮಾರಾಟಕ್ಕೆ ಇಡುವುದಿಲ್ಲ.

ಆದರೆ ದೊಡ್ಡ ಜಾಲತಾಣಗಳ ನಮೂನೆ ಗಿರಣಿ ಮಾಲಿಗೆ ಮಾಡಿದ್ದು. ಮೊದಲ ಫೋಟೋಕ್ಕೆ ಅಚ್ಚ ಬಿಳಿ ಹಿನ್ನೆಲೆಯೇ ಬೇಕು. ಫರಸಿಯ ಬೂದು ನಡೆಯದು. ಬಣ್ಣ ಯಾವುದು ಅಂತ ಕೇಳುತ್ತದೆ, ಒಂದನ್ನೇ ಆರಿಸಬೇಕು. ಎಷ್ಟು ನಗ ಇವೆ ಅಂತ ಕೇಳುತ್ತದೆ. ಶುರುವಿನಲ್ಲಿ ಅಕ್ಕೋರು ಒಂದೇ ಅಳತೆಯ ನಾಲ್ಕು ಕೌದಿಗೆ ಒಂದೇ ಫೋಟೋ ಹಾಕಿ ನಾಲ್ಕು ಎಂದು ಬರೆದರು. ಮೊದಲನೆಯದು ಹೋಯಿತು. ಎರಡನೆಯದು ‘ಫೋಟೋದಲ್ಲಿರುವಂತೆ ಇಲ್ಲ’ ಎಂಬ ಚೀಟಿಯೊಂದಿಗೆ ವಾಪಸ್ ಬಂತು, ಮಡಿಕೆಯಲ್ಲಿ ಎಣ್ಣೆ ಕಲೆ ಸಮೇತ. ಹೋಗಿ ಬರುವ ಎರಡೂ ಕಡೆಯ ಸಾಗಣೆ ವೆಚ್ಚವನ್ನು ಅವರ ಲೆಕ್ಕಕ್ಕೇ ಹಿಡಿದರು. ಅಂದಿನಿಂದ ಒಂದು ಕೌದಿಗೆ ಒಂದು ಪುಟ, ನಗದ ಜಾಗದಲ್ಲಿ ಯಾವಾಗಲೂ 1. ಕೆಲಸ ನಾಲ್ಕು ಪಟ್ಟಾಯಿತು. ಹೊಲಿದವರ ದುಡಿಮೆಗೆ ಅಷ್ಟಾದರೂ ಮರ್ಯಾದೆ ಬೇಕಲ್ಲ.

ಮಧ್ಯಾಹ್ನಕ್ಕೆ ತಾಂಡಾದಿಂದ ಇಬ್ಬರು ಬಾಯಿಯರು ಗಂಟು ಹೊತ್ತು ಬರುತ್ತಾರೆ. ಗಂಟು ಬಿಚ್ಚುತ್ತಲೇ ಪಡಸಾಲೆಯ ಗೋಡೆಯ ಮೇಲೆ ಬೆಳಕಿನ ಚುಕ್ಕೆಗಳು ಓಡಾಡುತ್ತವೆ. ಕನ್ನಡಿ ಚೂರು, ಕವಡೆ, ಗೆಜ್ಜೆ ಕೂಡಿಸಿದ ಚೀಲ, ದಿಂಬಿನ ಕವರು, ಗೋಡೆಗೆ ಹಾಕುವ ಪಟ್ಟಿ. ಇಬ್ಬರಲ್ಲಿ ಹಿರಿಯಾಕೆ ಈಗಲೂ ಫೇಟಿಯಾ ಲಂಗ, ಕಾಂಚಳಿ ರವಿಕೆ ತೊಟ್ಟವರು. ಅವರ ಕಾಂಚಳಿಯ ಕೆಲಸದ ಮುಂದೆ ಮಾರಲು ತಂದ ಚೀಲ ಸಪ್ಪೆ ಕಾಣುತ್ತದೆ. ಮೈಮೇಲಿನದು ತಮಗಾಗಿ ಹೊಲಿದದ್ದು, ಅದಕ್ಕೆ ದಿನದ ಲೆಕ್ಕ ಇರಲಿಲ್ಲ. ಅಂಥದೊಂದು ಮಾಡಿಕೊಡಿ ಎಂದು ಗಿರಾಕಿ ಕೇಳಿದ್ದರ ಬಗ್ಗೆ ಅಕ್ಕೋರು ಹೇಳಿದರೆ ಆಕೆ ಕೇಳುವುದು ಒಂದೇ: “ಎಷ್ಟ್ ದಿನ ಕೊಡ್ತಾರ?”

ಇದೇ ಕಸೂತಿಗೆ ಸಂಡೂರಿನಲ್ಲಿ ದೊಡ್ಡ ಹೆಸರಿದೆ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ವೇಳೆ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ಮಾಡಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಜಾಲತಾಣದಲ್ಲಿ ‘ಸಂಡೂರು’ ಎಂದು ಬರೆದರೆ ಹುಡುಕುವವರ ಕಣ್ಣಿಗೆ ಬೇಗ ಬೀಳುತ್ತದೆ. ಅಕ್ಕೋರು ಬರೆಯುವುದಿಲ್ಲ. ಆ ಹೆಸರು ಆ ಸೀಮೆಯವರದು. ಚಿತ್ತಾಪುರದ ತಾಂಡಾದಲ್ಲಿ ಹೊಲಿದದ್ದಕ್ಕೆ ಚಿತ್ತಾಪುರದ ಹೆಸರೇ ಇರಬೇಕು ಎನ್ನುತ್ತಾರೆ. ಮಾರಾಟ ಕಡಿಮೆಯಾದರೂ ಇದೇ ಸರಿ ಎಂದು ನಾನೂ ನಂಬಿದ್ದೇನೆ.

ತಾಂಡಾಕ್ಕೊಂದು ಹೆಸರು, ವಿಳಾಸ ಬೇಕೆಂದರೆ ಈ ಭಾಗದಲ್ಲಿ ಅದೂ ಸುಲಭದ ಮಾತಾಗಿರಲಿಲ್ಲ. ಬಹಳ ತಾಂಡಾಗಳು ಕಂದಾಯ ದಾಖಲೆಯಲ್ಲೇ ಇರಲಿಲ್ಲ. 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟದಲ್ಲಿ, ಪ್ರಧಾನಿ ಬಂದು ಐದು ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ಫಲಾನುಭವಿಗಳಿಗೆ ಹಕ್ಕುಪತ್ರ ಕೊಡುವ ಕಾರ್ಯಕ್ರಮ ನಡೆಯಿತು. ಆನ್‌ಲೈನ್ ವ್ಯಾಪಾರಿಗೆ ವಿಳಾಸದ ಪುರಾವೆ, ಪಿನ್‌ಕೋಡು, ಬ್ಯಾಂಕ್ ಖಾತೆ ಇಲ್ಲದಿದ್ದರೆ ಬಾಗಿಲೇ ತೆರೆಯದು. ಮನೆಯ ಹಕ್ಕುಪತ್ರದಿಂದ ಕಸೂತಿ ಮಾರಾಟದವರೆಗೆ ಇಂಥದೊಂದು ದಾರಿ ಇದೆ.

ತೆರಿಗೆಯ ದಾರಿ ಇನ್ನೂ ಕಲ್ಲುಮುಳ್ಳಿನದು. 2023ರ ಅಕ್ಟೋಬರ್ 1ರಿಂದ, ವಹಿವಾಟು ಮಿತಿಯೊಳಗಿರುವ ಸಣ್ಣ ವ್ಯಾಪಾರಿಗಳು ಜಿಎಸ್‌ಟಿ ನೋಂದಣಿಯಿಲ್ಲದೆಯೂ ಜಾಲತಾಣಗಳ ಮೂಲಕ ಸಾಮಾನು ಮಾರಬಹುದು, ಆದರೆ ರಾಜ್ಯದೊಳಗೆ ಮಾತ್ರ. ಭಂಕೂರದಲ್ಲಿ ನಿಂತು ನೋಡಿದರೆ ಈ ಸವಲತ್ತಿನ ಕೊರತೆ ಕಾಣುತ್ತದೆ. ಹತ್ತಿರದ ದೊಡ್ಡ ಪೇಟೆಗಳು ಸೊಲ್ಲಾಪುರ ಮತ್ತು ಹೈದರಾಬಾದ್. ಶಹಾಬಾದ್ ಇಲ್ಲವೇ ವಾಡಿಯಲ್ಲಿ ರೈಲು ಹತ್ತಿದರೆ ಕೆಲವು ತಾಸಿನ ಹಾದಿ. ಎರಡೂ ಬೇರೆ ರಾಜ್ಯ. ‘ರಾಜ್ಯದೊಳಗಿನ’ ಬೆಂಗಳೂರು ಸುಮಾರು 600 ಕಿಲೋಮೀಟರ್ ಆಚೆ. ಗಡಿಯ ಊರುಗಳ ಕೈಕಸುಬಿಗೆ ಈ ನಿಯಮವನ್ನು ಇನ್ನಷ್ಟು ಸಡಿಲಿಸಬೇಕು.

ಬೆಲೆಯ ವಿಚಾರಕ್ಕೆ ಬಂದರೆ ಅಕ್ಕೋರ ಪುಸ್ತಕ ಬಿಚ್ಚಿಕೊಳ್ಳುತ್ತದೆ. ಹೊಲಿಯುವವರು ಮನೆಯ ಕ್ಯಾಲೆಂಡರಿನಲ್ಲಿ ಕೂತ ತಾಸುಗಳನ್ನು ಗೀಟು ಹಾಕಿ ತರುತ್ತಾರೆ. ಒಂದು ದೊಡ್ಡ ಕೌದಿಗೆ ತಾಸುಗಳನ್ನೆಲ್ಲ ಕೂಡಿಸಿದರೆ ಹತ್ತು ಪೂರ್ತಿ ದಿನ. 2025–26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ ಇತ್ತು. ಅದಕ್ಕಿಂತ ಕಡಿಮೆ ಕೊಡಬಾರದೆಂಬುದು ಇಲ್ಲಿಯ ಕಟ್ಟು. ಕೂಲಿಯೇ 3,700 ಆಯಿತು. ದಾರ, ಬಟ್ಟೆ ಒಗೆತ, ಸಾಗಣೆ, ಜಾಲತಾಣದವರು ನೂರಕ್ಕೆ 15ರಂತೆ ಹಿಡಿಯುವ ಕಮಿಷನ್ ಸೇರಿದರೆ 5,000 ದಾಟುತ್ತದೆ. ಹಳೆ ಸೀರೆಗೆ ಇಷ್ಟೇಕೆ ಎಂದು ಕೇಳುವವರಿಗೆ ಅಕ್ಕೋರು ಕ್ಯಾಲೆಂಡರಿನ ಹಾಳೆಯದೇ ಫೋಟೋ ಕಳಿಸುತ್ತಾರೆ.

ಕಮಿಷನ್ನಿನ ಜಗಳ ಜಗತ್ತಿನಾದ್ಯಂತ ಇದೆ. ಕೈಯಿಂದ ಮಾಡಿದ ವಸ್ತುಗಳಿಗೆಂದೇ 2005ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಶುರುವಾದ ಎಟ್ಸಿ ಜಾಲತಾಣ, 2022ರ ಏಪ್ರಿಲ್‌ನಲ್ಲಿ ತನ್ನ ಪಾಲನ್ನು ಶೇಕಡ 5ರಿಂದ 6.5ಕ್ಕೆ ಏರಿಸಿದಾಗ ಸಾವಿರಾರು ಮಾರಾಟಗಾರರು ಅಂಗಡಿ ಮುಚ್ಚಿ ಮುಷ್ಕರ ಹೂಡಿದರು. ನಮ್ಮ ಜವಳಿ ಸಚಿವಾಲಯದ ‘ಇಂಡಿಯಾ ಹ್ಯಾಂಡ್‌ಮೇಡ್’ ಜಾಲತಾಣ ಕಮಿಷನ್ ಹಿಡಿಯುವುದಿಲ್ಲ. ಇನ್ನು ನಮ್ಮ ರಾಜ್ಯದ ಕೌದಿ ಕಡಲಾಚೆಗೆ ಹೋದ ದೃಷ್ಟಾಂತವೂ ಇದೆ. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳ ಕವಂದಿಯನ್ನು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಕಂಡು, 2004ರಲ್ಲಿ ಅವರದೊಂದು ಸಹಕಾರ ಗುಂಪು ಕಟ್ಟಲು ನೆರವಾದರು. ಮೂಲೆಗೆ ತ್ರಿಕೋನದ ‘ಫೂಲ’ ಇಲ್ಲದ ಕವಂದಿ ಬತ್ತಲೆ ಎಂಬುದು ಆ ಹೆಂಗಸರ ಮಾತು. ಭಂಕೂರದ ಮುದುಕಿಯರಿಗೆ ಇದನ್ನು ಹೇಳಿದರೆ, ಹೌದಲ್ಲ ಮತ್ತ, ಎಂದು ತಮ್ಮ ಕೌದಿಯ ಮೂಲೆ ಎತ್ತಿ ನೋಡಿಕೊಳ್ಳುತ್ತಾರೆ.

ಸಂಜೆಗೆ ಕಟ್ಟುವ ಕೆಲಸ. ಕೊರಿಯರಿನವರು ತೂಕವನ್ನಷ್ಟೇ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ. ಯಾವುದು ಹೆಚ್ಚೋ ಅದಕ್ಕೆ ದರ. ಎರಡೂವರೆ ಕಿಲೋ ಕೌದಿಯನ್ನು 45, 35, 20ರ ರಟ್ಟಿನ ಪೆಟ್ಟಿಗೆಗೆ ಹಾಕಿದರೆ ಆರು ಕಿಲೋ ಮುನ್ನೂರು ಗ್ರಾಮಿನ ದುಡ್ಡು ತೆರಬೇಕು. ಆದ್ದರಿಂದ ಸೊಸೆ ಮೊಣಕಾಲೂರಿ ಕೌದಿಯನ್ನು ಒತ್ತಿ ಒತ್ತಿ ಸುತ್ತುತ್ತಾಳೆ, ಅಕ್ಕೋರು ಲಾಡಿಯಿಂದ ಬಿಗಿಯುತ್ತಾರೆ, ಮೇಲೆ ಪ್ಲಾಸ್ಟಿಕ್, ಅದರ ಮೇಲೆ ಹೊಲಿದ ಬಟ್ಟೆ ಚೀಲ. ಮೂರು ಕಿಲೋದೊಳಗೆ ಬಂತು.

ಪ್ರತಿ ಕಟ್ಟಿನೊಳಗೂ ಒಂದು ಚೀಟಿ: ಹೊಲಿದವರ ಹೆಸರು, ಊರು, ಹಿಡಿದ ದಿನ. ಭೀಮೆಯ ದಡದ ಸನ್ನತಿಯ ಹತ್ತಿರ, ಕನಗನಹಳ್ಳಿಯ ಸ್ತೂಪದಲ್ಲಿ ಸಿಕ್ಕ ಅಶೋಕನ ಶಿಲ್ಪಕ್ಕೆ ಬ್ರಾಹ್ಮಿಯಲ್ಲಿ ‘ರಾಯೊ ಅಸೋಕೊ’ ಎಂದು ಹೆಸರು ಕೊರೆದಿದ್ದಾರೆ, ಅದೂ ಫರಸಿಯಂತೆ ಸುಣ್ಣಕಲ್ಲೇ. ಈ ತಾಲ್ಲೂಕುಗಳ ಕಲ್ಲು ಅರಸನ ಹೆಸರನ್ನು ಎರಡು ಸಾವಿರ ವರ್ಷ ಕಾಪಾಡಿದೆ. ಅದೇ ಜಾತಿಯ ಕಲ್ಲಿನ ನೆಲದ ಮೇಲೆ ಕೂತು ಹೊಲಿದ ಹೆಂಗಸಿನ ಹೆಸರು ಕೊಂಡವರ ಮನೆಗಾದರೂ ತಲುಪಬೇಕು.

ಇಷ್ಟೆಲ್ಲ ಕಲಿತರೂ ಅಕ್ಕೋರನ್ನು ಕಾಡುವುದು ಕಾಲದ ತಾಳಮೇಳ. ಕೌದಿಗೆ ಗಿರಾಕಿ ಬರುವುದು ದೀಪಾವಳಿಯಿಂದ ಸಂಕ್ರಾಂತಿಯವರೆಗೆ. ಆಗ ಕಲಬುರಗಿ ಸೀಮೆಯಲ್ಲಿ ಹತ್ತಿ ಬಿಡಿಸಬೇಕು, ತೊಗರಿ ಕೊಯ್ಯಬೇಕು. ಸೂಜಿ ಹಿಡಿಯಲು ಒಂದು ಕೈಯೂ ಬಿಡುವಿರುವುದಿಲ್ಲ. ಮಾರ್ಚ್‌ನಿಂದ ಮೇ ತನಕ ಹೊಲದ ಕೆಲಸವಿಲ್ಲ, ಹೊರಗೆ ಕಾಲಿಡಲಾಗದ ಬಿಸಿಲು, ಎಲ್ಲರೂ ಮನೆಯೊಳಗೆ ಹೊಲಿಯುತ್ತಾರೆ. ಆಗ ಕೌದಿ ಬೇಕೆನ್ನುವವರಿಲ್ಲ. ಮಾರಿದ ಮೇಲೆ ಹಣ ಎಂದರೆ ಏಪ್ರಿಲ್‌ನಲ್ಲಿ ದುಡಿದದ್ದಕ್ಕೆ ಡಿಸೆಂಬರಿನಲ್ಲಿ ಕೂಲಿ. ಕೈಕಸುಬಿನ ಆನ್‌ಲೈನ್ ಪೇಟೆಯ ಬಗ್ಗೆ ಮಾತಾಡುವವರು ಫೋಟೋ, ಜಾಹೀರಾತಿನ ಬಗ್ಗೆ ಹೇಳುತ್ತಾರೆ. ಈ ಎಂಟು ತಿಂಗಳ ಭಾರ ಯಾರು ಹೊರಬೇಕೆಂಬುದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಹೊಲಿದವರು ಹೊರಬಾರದು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ದೀಪ ಹಚ್ಚಿದ ಮೇಲೆ ಕೌದಿ ಹೊಲಿಯುವವರ ಸಂಘದ ಹೆಂಗಸರು ಸೇರಿದಾಗ ಇದೇ ಮಾತು ಬಂತು. ಅರ್ಧ ಈಗ, ಅರ್ಧ ಮಾರಿದ ಮೇಲೆ ಕೊಡಲೇ ಎಂದು ಅಕ್ಕೋರು ಕೇಳಿದರು. ಮೂಲೆಯಲ್ಲಿ ಕೂತ ಅಜ್ಜಿ ನೇರವಾಗಿ ಹೇಳಿದರು: “ಸುಗ್ಗ್ಯಾಗ ನಮಗ ಕೂಲಿ ಇರ್ತದ ಯವ್ವಾ. ರೊಕ್ಕ ಬೇಕಾಗೋದು ಬ್ಯಾಸಗ್ಯಾಗ.” ಯಾರೂ ಇಲ್ಲವೆನ್ನಲಿಲ್ಲ. ಸಂಘದ ಉಳಿತಾಯದ ಮೇಲೆ ಬ್ಯಾಂಕಿನಲ್ಲಿ ಸಾಲ ಎತ್ತುವುದು, ಕೌದಿ ತಂದ ದಿನವೇ ಪೂರ್ತಿ ಕೂಲಿ ಕೊಡುವುದು, ಬಡ್ಡಿಯನ್ನು ಕೌದಿಯ ಬೆಲೆಗೆ ಸೇರಿಸಿ ಹಾಗೆಂದೇ ಪುಟದಲ್ಲಿ ಬರೆಯುವುದು ಎಂದು ಠರಾವು ಆಯಿತು. ಅಕ್ಕೋರು ಲೆಕ್ಕದ ಪುಸ್ತಕದ ಹೊಸ ಹಾಳೆಯಲ್ಲಿ ಹೊಲಿಯುವವರ ಹೆಸರುಗಳನ್ನು ಒಂದೊಂದಾಗಿ ಬರೆದುಕೊಂಡು, ಎಷ್ಟೆಷ್ಟು ಕೌದಿ ಆದೀತು ಎಂದು ಕೇಳತೊಡಗಿದರು.