8,27,000 ಮಂದಿ ಎಲ್ಲಿ ಹೋದರು?

ಅಮೆರಿಕದ ಕಾಲೇಜು ಎಂದೊಡನೆ ನಮ್ಮವರ ಕಣ್ಣಿಗೆ ಕಟ್ಟುವುದು ಹಾರ್ವರ್ಡ್, ಸ್ಟ್ಯಾನ್‌ಫರ್ಡ್, ಬಳ್ಳಿ ಹಬ್ಬಿದ ಇಟ್ಟಿಗೆಯ ಗೋಡೆ. ಲೆಕ್ಕ ಹಾಕಲು ಕೂತರೆ ಆ ಚಿತ್ರ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆ ದೇಶದ ಅತಿ ದೊಡ್ಡ ಉನ್ನತ ಶಿಕ್ಷಣ ವ್ಯವಸ್ಥೆ ಇರುವುದು ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ. ಒಟ್ಟು 116 ಕಾಲೇಜು. ಕೊರೊನಾಕ್ಕೆ ಮುಂಚೆ ವರ್ಷಕ್ಕೆ 21 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು. ಹಗಲು ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತವನು ಸಂಜೆ ಬಂದು ಅಕೌಂಟಿಂಗ್ ಕಲಿಯುವುದು, ಎರಡು ಮಕ್ಕಳ ತಾಯಿ ನರ್ಸಿಂಗ್ ಸೇರುವುದು, ಆಗತಾನೆ ವಲಸೆ ಬಂದವರು ಇಂಗ್ಲಿಷ್ ತಿದ್ದಿಕೊಳ್ಳುವುದು ಎಲ್ಲವೂ ಇಲ್ಲಿಯೇ. ಸಾಫ್ಟ್‌ವೇರ್ ಕೆಲಸಕ್ಕೆಂದು ಕುಪರ್ಟಿನೊ ಸೇರಿದ ಕನ್ನಡಿಗರ ಮನೆಗಳ ಪಕ್ಕದಲ್ಲೇ ಡಿ ಆಂಜಾ ಎಂಬ ಇಂಥದೊಂದು ಕಾಲೇಜಿದೆ. 1984ರಲ್ಲಿ ಸ್ಟೀವ್ ಜಾಬ್ಸ್ ಮೊದಲ ಮ್ಯಾಕಿಂತೋಷನ್ನು ಷೇರುದಾರರ ಮುಂದೆ ಹೊರತೆಗೆದದ್ದು ಅದರ ಸಭಾಂಗಣದಲ್ಲೇ.

ಈ ಕಾಲೇಜುಗಳಿಗೆ ಕಟ್‌ಆಫ್ ಅಂಕದ ಗೊಡವೆ ಇಲ್ಲ. 1960ರಲ್ಲಿ ಆ ರಾಜ್ಯ ಒಂದು ಮಾಸ್ಟರ್ ಪ್ಲಾನ್ ಮಾಡಿಕೊಂಡಿತು. ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗಕ್ಕೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಮೇಲಿನ ಮೂರನೇ ಒಂದು ಭಾಗಕ್ಕೆ ಸ್ಟೇಟ್ ಯೂನಿವರ್ಸಿಟಿ, ಉಳಿದಂತೆ ಯಾರು ಬಂದರೂ ಕಮ್ಯುನಿಟಿ ಕಾಲೇಜು. ಶುಲ್ಕ 2012ರಿಂದ ಯೂನಿಟ್ ಒಂದಕ್ಕೆ 46 ಡಾಲರ್. ಎರಡು ವರ್ಷದ ಅಸೋಸಿಯೇಟ್ ಪದವಿಗೆ 60 ಯೂನಿಟ್ ಬೇಕು, ಅಂದರೆ ಒಟ್ಟು 2,760 ಡಾಲರ್. ಬಡವರಿಗೆ ಅದೂ ಮನ್ನಾ. ಇಂಥ ಮೊದಲ ಸಾರ್ವಜನಿಕ ಕಾಲೇಜು 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಶುರುವಾದಾಗ ಅಲ್ಲಿದ್ದ ವಿದ್ಯಾರ್ಥಿಗಳು 6 ಮಂದಿ. ಇವತ್ತು ದೇಶದ ತುಂಬ ಸಾವಿರದಷ್ಟು ಕಾಲೇಜುಗಳಿವೆ.

2020ರ ಮಾರ್ಚಿನಲ್ಲಿ ಎಲ್ಲಕ್ಕೂ ಬೀಗ ಬಿತ್ತು. ಪಾಠ ಪರದೆಗೆ ಹೋಯಿತು. ಮನೆಯಲ್ಲಿ ಇಂಟರ್ನೆಟ್ ಇಲ್ಲದವರಿಗಾಗಿ ಎಷ್ಟೋ ಕಾಲೇಜುಗಳು ಪಾರ್ಕಿಂಗ್ ಜಾಗಕ್ಕೆ ವೈಫೈ ಹಾಯಿಸಿದವು. ಹುಡುಗರು ಕಾರಿನ ಸ್ಟೀರಿಂಗಿಗೆ ಲ್ಯಾಪ್‌ಟಾಪ್ ಒರಗಿಸಿಕೊಂಡು ಪರೀಕ್ಷೆ ಬರೆದರು. ಎಲ್ಲ ಬಗೆಯ ಕಾಲೇಜುಗಳನ್ನೂ ಸೇರಿಸಿ ಎಣಿಸಿದರೆ, ಪದವಿ ಓದುತ್ತಿದ್ದವರಲ್ಲಿ ಪೂರ್ತಿ ಆನ್‌ಲೈನಿನಲ್ಲೇ ಕಲಿಯುವವರು 2019ರ ಶರತ್ಕಾಲದ ಸೆಮಿಸ್ಟರಿನಲ್ಲಿ 24 ಲಕ್ಷ. ಮರುವರ್ಷ ಅದೇ ಹೊತ್ತಿಗೆ 70 ಲಕ್ಷ. ಒಂದಾದರೂ ವಿಷಯವನ್ನು ಆನ್‌ಲೈನಿನಲ್ಲಿ ತೆಗೆದುಕೊಂಡವರು 60 ಲಕ್ಷದಿಂದ 1.18 ಕೋಟಿಗೆ ಏರಿದರು. ದೂರಶಿಕ್ಷಣದ ಪರವಾಗಿ ಮೂವತ್ತು ವರ್ಷ ವಾದ ಮಾಡಿದವರಿಗೆ ದಕ್ಕದ ಸಂಖ್ಯೆಯನ್ನು ಒಂದು ವೈರಾಣು ಹನ್ನೆರಡು ತಿಂಗಳಲ್ಲಿ ತಂದುಕೊಟ್ಟಿತು.

ಆದರೆ ನಿಜವಾಗಿ ದಂಗುಬಡಿಸುವ ಲೆಕ್ಕ ಇದಲ್ಲ. ಕಮ್ಯುನಿಟಿ ಕಾಲೇಜುಗಳ ಬಗ್ಗೆ ಹಳೆಯದೊಂದು ನಿಯಮವಿತ್ತು: ಕೆಲಸ ಹೋದಾಗ ಜನ ಕಾಲೇಜಿಗೆ ಬರುತ್ತಾರೆ. 2008ರ ಆರ್ಥಿಕ ಕುಸಿತದ ನಂತರ ಹಾಗೇ ಆಗಿ, ಕ್ಯಾಲಿಫೋರ್ನಿಯಾದಲ್ಲಿ ಸೀಟಿಗಾಗಿ ಕಾಯುವವರ ಪಟ್ಟಿ ಬೆಳೆದಿತ್ತು. 2020ರಲ್ಲಿ ಕೋಟಿಗಟ್ಟಲೆ ಜನ ಕೆಲಸ ಕಳೆದುಕೊಂಡರು, ಕಾಲೇಜುಗಳು ಬಾಗಿಲಿಗೆ ಬರುವವರಿಗಾಗಿ ಕಾದವು. ಬಂದವರಿಗಿಂತ ಹೊರಟವರೇ ಹೆಚ್ಚು. ಆ ಶರತ್ಕಾಲ ದೇಶದ ಕಮ್ಯುನಿಟಿ ಕಾಲೇಜುಗಳ ಒಟ್ಟು ದಾಖಲಾತಿ ಶೇ. 10ರಷ್ಟು ಇಳಿಯಿತು, ಹೊಸದಾಗಿ ಸೇರುವವರಂತೂ ಶೇ. 21ರಷ್ಟು ಕಡಿಮೆ. 2022ರ ವಸಂತದ ಹೊತ್ತಿಗೆ, ಸಾಂಕ್ರಾಮಿಕ ಶುರುವಾದಾಗಿನಿಂದ ಈ ಕಾಲೇಜುಗಳು ಕಳೆದುಕೊಂಡವರ ಸಂಖ್ಯೆ 8,27,000. ಸ್ಯಾನ್ ಫ್ರಾನ್ಸಿಸ್ಕೊ ನಗರದ ಜನಸಂಖ್ಯೆಯೇ, 2020ರ ಜನಗಣತಿಯಂತೆ, 8,73,965. ಕ್ಯಾಲಿಫೋರ್ನಿಯಾದ ಒಟ್ಟು ಸಂಖ್ಯೆ ಮೂವತ್ತು ವರ್ಷಗಳಲ್ಲಿ ಮೊದಲ ಸಲ 20 ಲಕ್ಷದ ಕೆಳಗೆ ಬಿತ್ತು.

ಯಾಕೆ ಹೋದರು? ವೆಲ್ಡಿಂಗನ್ನು, ರಕ್ತ ತೆಗೆಯುವುದನ್ನು, ಎಂಜಿನ್ ಬಿಚ್ಚುವುದನ್ನು ಪರದೆಯಲ್ಲಿ ಕಲಿಸಲಾಗದು. ಶಾಲೆ ಮುಚ್ಚಿದ್ದರಿಂದ ಮಕ್ಕಳು ಮನೆಯಲ್ಲಿ. ಗೋದಾಮುಗಳಲ್ಲಿ ಕೂಲಿ ಏರಿತ್ತು. ಹೆಂಗಸರಿಗಿಂತ ಗಂಡಸರೇ ಹೆಚ್ಚಾಗಿ ಬಿಟ್ಟುಹೋದರು. ಪಾಠ ಆನ್‌ಲೈನಿಗೆ ಹೋದದ್ದೂ ಒಂದು ಕಾರಣವೇ? ಸಂಶೋಧಕರು ಬೆವರು ಹರಿಸಿರುವುದು ಈ ಪ್ರಶ್ನೆಗೆ.

ಅವರ ಕೈಯಲ್ಲಿ ಹಳೆಯ ಸಾಮಗ್ರಿ ಬೇಕಾದಷ್ಟಿತ್ತು. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಕಮ್ಯುನಿಟಿ ಕಾಲೇಜುಗಳ ಅಧ್ಯಯನಕ್ಕೆಂದೇ ಒಂದು ಸಂಶೋಧನಾ ಕೇಂದ್ರವಿದೆ. ಅಲ್ಲಿನ ಡಿ ಷು ಮತ್ತು ಶಾನಾ ಸ್ಮಿತ್ ಜಗರ್ಸ್ 2014ರಲ್ಲಿ ವಾಷಿಂಗ್ಟನ್ ರಾಜ್ಯದ 40 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ತೆಗೆದುಕೊಂಡ ಸುಮಾರು 5 ಲಕ್ಷ ಕೋರ್ಸುಗಳ ಫಲಿತಾಂಶವನ್ನು ಜಾಲಾಡಿದರು. ಒಂದೊಂದು ಸಾಲನ್ನು ಒಂದೊಂದು ನಿಮಿಷ ನೋಡುತ್ತ ದಿನಕ್ಕೆ 8 ಗಂಟೆ ಕೂತರೂ ಮುಗಿಸಲು ಸಾವಿರ ದಿನ ಮೀರುತ್ತದೆ. ಸಿಕ್ಕಿದ ಉತ್ತರ: ಮುಖಾಮುಖಿ ಪಾಠಕ್ಕಿಂತ ಆನ್‌ಲೈನಿನಲ್ಲಿ ಎಲ್ಲ ಬಗೆಯ ವಿದ್ಯಾರ್ಥಿಗಳೂ ಹಿಂದೆ ಬೀಳುತ್ತಾರೆ, ಗಂಡುಹುಡುಗರು, ಚಿಕ್ಕ ವಯಸ್ಸಿನವರು, ಕರಿಯ ಜನಾಂಗದವರು ಮತ್ತು ಮೊದಲೇ ಅಂಕ ಕಡಿಮೆ ಇದ್ದವರು ಇನ್ನೂ ಹಿಂದೆ. ಅದೇ ವರ್ಷ ಕ್ಯಾಲಿಫೋರ್ನಿಯಾದ ಪಬ್ಲಿಕ್ ಪಾಲಿಸಿ ಇನ್‌ಸ್ಟಿಟ್ಯೂಟ್, ಆನ್‌ಲೈನ್ ಕೋರ್ಸು ಪಾಸಾಗುವ ಸಾಧ್ಯತೆ 11ರಿಂದ 14 ಪ್ರತಿಶತ ಅಂಶದಷ್ಟು ಕಡಿಮೆ ಎಂದಿತು. ಅದೇ ವರದಿಯಲ್ಲಿ ಇನ್ನೊಂದು ಮಾತೂ ಇತ್ತು: ಕೆಲವಾದರೂ ಕೋರ್ಸುಗಳನ್ನು ಆನ್‌ಲೈನಿನಲ್ಲಿ ತೆಗೆದುಕೊಂಡವರೇ ಕೊನೆಗೆ ಪದವಿ ಮುಟ್ಟುವ ಅಥವಾ ನಾಲ್ಕು ವರ್ಷದ ಕಾಲೇಜಿಗೆ ದಾಟುವ ಸಾಧ್ಯತೆ ಹೆಚ್ಚು. ಒಂದೊಂದು ಕೋರ್ಸಿನಲ್ಲಿ ನಷ್ಟ, ಒಟ್ಟು ಓದಿನಲ್ಲಿ ಲಾಭ. ಎರಡೂ ನಿಜವಿರಬಹುದು. ಸಂಜೆ ಬಸ್ಸು ಹಿಡಿದು ಬರಲಾಗದವಳಿಗೆ ಆ ಒಂದು ಕೋರ್ಸು ಇಲ್ಲದೇ ಹೋಗಿದ್ದರೆ ಸೆಮಿಸ್ಟರೇ ತಪ್ಪುತ್ತಿತ್ತು.

ಇಲ್ಲಿರುವ ತೊಡಕು, ಆನ್‌ಲೈನ್ ಆರಿಸಿಕೊಳ್ಳುವವರು ಯಾರು ಎಂಬುದು. ಕೆಲಸವಿರುವವರು, ಮಕ್ಕಳಿರುವವರು ಆ ಕಡೆ ಜಾಸ್ತಿಯಿದ್ದರೆ, ಅವರು ಫೇಲಾದದ್ದು ಪರದೆಯಿಂದಲೋ ಬದುಕಿನ ಭಾರದಿಂದಲೋ ಹೇಳುವುದು ಹೇಗೆ? ವಾಷಿಂಗ್ಟನ್ ರಾಜ್ಯದ ಇನ್ನೊಂದು ಅಧ್ಯಯನದಲ್ಲಿ ಅದೇ ಇಬ್ಬರು, ವಿದ್ಯಾರ್ಥಿಯ ಮನೆಗೂ ಕಾಲೇಜಿಗೂ ನಡುವಿನ ದೂರವನ್ನೇ ಅಳತೆಗೋಲು ಮಾಡಿಕೊಂಡರು. ದೂರ ಹೆಚ್ಚಿದಷ್ಟೂ ಆನ್‌ಲೈನಿನ ಕಡೆ ವಾಲುವುದು ಸಹಜ, ದೂರಕ್ಕೂ ಬುದ್ಧಿಗೂ ಮಾತ್ರ ಸಂಬಂಧವಿಲ್ಲ ಎಂಬ ಜಾಣ ಲೆಕ್ಕ. ಕೊರೊನಾ ಆ ಜಾಣತನವನ್ನೂ ಕಸಿದುಕೊಂಡಿತು. ಎಲ್ಲರೂ ಒಟ್ಟಿಗೆ ಪರದೆಯ ಮುಂದೆ ಕೂತ ಮೇಲೆ ಹೋಲಿಸಲು ಯಾರು ಉಳಿದರು? ಕ್ಯಾಲಿಫೋರ್ನಿಯಾದ ಕಾಲೇಜುಗಳು, ನಡುವೆಯೇ ಕೈಬಿಟ್ಟವರ ಅಂಕಪಟ್ಟಿಗೆ ಮಸಿ ಬೀಳದಿರಲೆಂದು 'ಇಡಬ್ಲ್ಯು' (ಎಕ್ಸ್‌ಕ್ಯೂಸ್ಡ್ ವಿತ್‌ಡ್ರಾವಲ್) ಎಂಬ ಗುರುತು ಹಾಕಿದವು. ಸುಳಿವು ಹುಡುಕುವವನಿಗೆ ಅಲ್ಲೂ ಒಂದು ಕಿಟಕಿ ಮುಚ್ಚಿತು. ನನ್ನನ್ನು ಕೇಳಿದರೆ ಆ ಗುರುತು ಹಾಕಿದ್ದೇ ಸರಿ.

ಇಷ್ಟರ ಮೇಲೆ, ಇದ್ದ ವಿದ್ಯಾರ್ಥಿಗಳನ್ನೇ ನಂಬಲಾಗದ ಸ್ಥಿತಿ ಬಂತು. ಶುಲ್ಕ ಕಡಿಮೆ ಅಥವಾ ಮನ್ನಾ. ಬಡ ವಿದ್ಯಾರ್ಥಿಗಳಿಗೆ ಸರ್ಕಾರ ಕೊಡುವ ಪೆಲ್ ಅನುದಾನ 2021-22ರಲ್ಲಿ ಗರಿಷ್ಠ 6,495 ಡಾಲರ್. ಶುಲ್ಕ ಕಟ್ಟಿ ಮಿಕ್ಕದ್ದು ವಿದ್ಯಾರ್ಥಿಯ ಕೈಗೇ ಬರುತ್ತದೆ. ತರಗತಿಗೆ ಮುಖ ತೋರಿಸಬೇಕಿಲ್ಲ. ವಂಚಕರಿಗೆ ಇನ್ನೇನು ಬೇಕು? ಕದ್ದ ಹೆಸರುಗಳಲ್ಲಿ ಬಾಟ್‌ಗಳು ಅರ್ಜಿ ಹಾಕಿದವು, ತರಗತಿ ಸೇರಿದವು, ಹೊರಗೆ ಹಾಕದಿರಲೆಂದು ಒಂದೆರಡು ಹೋಮ್‌ವರ್ಕನ್ನೂ ಒಪ್ಪಿಸಿದವು. 2021ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕಿಬಿದ್ದ ನಕಲಿ ನೆರವಿನ ಅರ್ಜಿಗಳು ಸುಮಾರು 65,000. 2024ರ ಆರಂಭದಲ್ಲಿ ಬಂದ ಪ್ರವೇಶದ ಅರ್ಜಿಗಳಲ್ಲಿ ನಾಲ್ಕಕ್ಕೊಂದು ಅನುಮಾನಾಸ್ಪದ. ಮೇಷ್ಟರುಗಳಿಗೆ ಸೆಮಿಸ್ಟರಿನ ಮೊದಲ ವಾರದ ಹೊಸ ಕೆಲಸ, ತರಗತಿಯಲ್ಲಿ ಮನುಷ್ಯರೆಷ್ಟು ಎಂದು ಎಣಿಸುವುದು. ಸೀಟು ಭರ್ತಿಯೆಂದು ಹಿಂದಿರುಗಿದ ನಿಜವಾದ ಹುಡುಗಿಯ ಲೆಕ್ಕ ಯಾವ ಕೋಷ್ಟಕದಲ್ಲೂ ಇಲ್ಲ.

ಹಣಕ್ಕೆ ಕೊರತೆಯಿರಲಿಲ್ಲ. ಕೊರೊನಾ ಕಾಲದ ಮೂರು ಕಾಯ್ದೆಗಳಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಉನ್ನತ ಶಿಕ್ಷಣಕ್ಕೆ ಕೊಟ್ಟ ಪರಿಹಾರ ಸುಮಾರು 7,600 ಕೋಟಿ ಡಾಲರ್. ಅದರ ದೊಡ್ಡ ಪಾಲು ನೇರವಾಗಿ ವಿದ್ಯಾರ್ಥಿಗಳ ಬಾಡಿಗೆಗೆ, ಊಟಕ್ಕೆ. ಚೇತರಿಕೆಗೆ ಯಾವುದು ಕೆಲಸ ಮಾಡಿತು ಎಂದು ತಿಳಿಯಲು ಅದೇ ಕೊಲಂಬಿಯಾದ ಕೇಂದ್ರದ ನೇತೃತ್ವದಲ್ಲಿ ಸಂಶೋಧಕರ ಜಾಲವೊಂದೂ ಹುಟ್ಟಿಕೊಂಡಿತು.

ಅಂಕಿಗಳು ಮೇಲೆದ್ದಿವೆ. ಕೇರಳದಲ್ಲಿ ಹುಟ್ಟಿದ ಸೋನ್ಯಾ ಕ್ರಿಶ್ಚಿಯನ್ 2023ರಲ್ಲಿ ಕ್ಯಾಲಿಫೋರ್ನಿಯಾದ 116 ಕಾಲೇಜುಗಳ ಚಾನ್ಸಲರ್ ಆದರು. ಅಲ್ಲಿಂದೀಚೆಗೆ ಅಲ್ಲಿನ ದಾಖಲಾತಿ ಮತ್ತೆ 21 ಲಕ್ಷ ದಾಟಿದೆ. ಆದರೆ ಬಂದವರು ಹೋದವರೇ ಅಲ್ಲ. ಹೈಸ್ಕೂಲಿನಲ್ಲಿ ಇರುವಾಗಲೇ ಕಾಲೇಜಿನ ಕೋರ್ಸು ತೆಗೆದುಕೊಳ್ಳುವ ಮಕ್ಕಳು 2022-23ರಲ್ಲಿ ದೇಶದಲ್ಲಿ ಸುಮಾರು 25 ಲಕ್ಷ. ಕಮ್ಯುನಿಟಿ ಕಾಲೇಜುಗಳಲ್ಲಿ ಐವರಲ್ಲಿ ಒಬ್ಬರಷ್ಟು ಇಂಥವರು. 2020ರಲ್ಲಿ ಬಿಟ್ಟುಹೋದ ವೆಲ್ಡಿಂಗಿನ ಹುಡುಗನ ಸ್ಥಾನದಲ್ಲಿ ಹದಿನಾರರ ಹುಡುಗಿಯೊಬ್ಬಳು ಕೂತರೂ ಕೋಷ್ಟಕಕ್ಕೆ ಅದು ಚೇತರಿಕೆಯೇ. ಆ ಹುಡುಗ ಸಿಗುವುದು ಬೇರೆ ಲೆಕ್ಕದಲ್ಲಿ: ಎಂದಾದರೂ ಕಾಲೇಜು ಸೇರಿ, ಯಾವ ಪ್ರಮಾಣಪತ್ರವೂ ಇಲ್ಲದೆ ಬಿಟ್ಟವರು ಅಮೆರಿಕದಲ್ಲಿ 2020ರ ಜುಲೈ ಹೊತ್ತಿಗೆ 3.9 ಕೋಟಿ, ಒಂದೇ ವರ್ಷದ ನಂತರ 4.04 ಕೋಟಿ. ಕ್ಯಾಲಿಫೋರ್ನಿಯಾದ ಇಡೀ ಜನಸಂಖ್ಯೆ 3.95 ಕೋಟಿ.