ಗೋದಾವರಿ ದಂಡೆಯಲ್ಲಿ ಸೈಕಲ್: ಹೃದಯಕ್ಕೆ ಹಿತವಾದ ಸಮತಟ್ಟಿನ ದಾರಿ



"ಡಾಕ್ಟ್ರೇ, ದಿನಾ ವ್ಯಾಯಾಮ ಮಾಡಿ ಅಂತೀರಿ. ಎಲ್ಲಿ ಮಾಡೋಣ ಹೇಳಿ? ಹೆದ್ದಾರಿ ತುಂಬ ಲಾರಿ, ಗಲ್ಲಿಯಲ್ಲಿ ನಾಯಿ, ನಡೆದರೆ ಮಂಡಿನೋವು, ಜಿಮ್ ಅಂದ್ರೆ ಸಂಕೋಚ."

ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರದ ಕನ್ನಡ ಮನೆಗಳಿಂದ ಬರುವ ಪ್ರಶ್ನೆಗಳಲ್ಲಿ ಇದು ತೀರಾ ಸಾಮಾನ್ಯ. ಇದಕ್ಕೆ ಉತ್ತರ ಈ ಎರಡೂ ಜಿಲ್ಲೆಗಳಲ್ಲಿ ಹರಿಯುವ ಗೋದಾವರಿಯ ದಂಡೆಯಲ್ಲೇ ಇದೆ. ಒಂದು ಸಾಧಾರಣ ಸೈಕಲ್, ಬೆಳಗಿನ ಒಂದೆರಡು ಗಂಟೆ, ವಾಹನಗಳ ಗದ್ದಲವಿಲ್ಲದ ಸಮತಟ್ಟಾದ ದಾರಿ. ಇಷ್ಟಿದ್ದರೆ ಸಾಕು.

ಈ ನದಿ ನಮಗೆ ಹೊಸದೇನಲ್ಲ. 9ನೇ ಶತಮಾನದ 'ಕವಿರಾಜಮಾರ್ಗ' ಕನ್ನಡ ನಾಡಿನ ಬಡಗಣ ಎಲ್ಲೆಯಾಗಿ ಹೆಸರಿಸುವುದು ಗೋದಾವರಿಯನ್ನೇ. ಎಲ್ಲೋರದ ಕೈಲಾಸ ದೇವಾಲಯ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ್ದು. ಓಝರ್‌ನ ಎಚ್‌ಎಎಲ್‌ಗೋ, ವಾಳೂಜ್‌ನ ಕಾರ್ಖಾನೆಗೋ, ಬ್ಯಾಂಕಿಗೋ, ಹೋಟೆಲಿಗೋ ಬಂದ ನಾವು ಈ ನದಿಯ ಪಾಲಿಗೆ ಹಳೆಯ ನೆಂಟರೇ.

*ಈ ಮಾತು ಯಾಕೆ ಮುಖ್ಯ?*

52 ದೇಶಗಳಲ್ಲಿ ನಡೆದ 'ಇಂಟರ್‌ಹಾರ್ಟ್' ಎಂಬ ದೊಡ್ಡ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆದ ಮಧ್ಯಮ ವಯಸ್ಸು 53. ಉಳಿದ ದೇಶಗಳವರಿಗೆ ಸುಮಾರು 59. ಅಂದರೆ ನಮಗೆ ಐದಾರು ವರ್ಷ ಮೊದಲೇ ಬರುತ್ತದೆ. 53ನೇ ವಯಸ್ಸು ಎಂದರೆ ಮನೆ ಸಾಲದ ಕಂತು ಇನ್ನೂ ಮುಗಿದಿರುವುದಿಲ್ಲ, ಮಗಳ ಮದುವೆ ಎದುರಿಗಿರುತ್ತದೆ, ಮಗ ಕಾಲೇಜಿನಲ್ಲಿರುತ್ತಾನೆ. ಪರಊರಿನಲ್ಲಿ ದುಡಿಯುವ ಒಬ್ಬರು ಹಾಸಿಗೆ ಹಿಡಿದರೆ ಇಲ್ಲಿನ ಸಂಸಾರ, ಊರಿನಲ್ಲಿರುವ ತಂದೆತಾಯಿ ಇಬ್ಬರೂ ಕಂಗಾಲಾಗುತ್ತಾರೆ.

ಅದೇ ಅಧ್ಯಯನದಲ್ಲಿ ಒಂದು ಸಮಾಧಾನದ ಸಂಗತಿಯೂ ಇದೆ. ಹೃದಯಾಘಾತದ ಅಪಾಯದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಒಂಬತ್ತು ಅಂಶಗಳಿಗೆ ಸಂಬಂಧಿಸಿದ್ದು: ತಂಬಾಕು, ಕೆಟ್ಟ ಕೊಬ್ಬು, ಬಿಪಿ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಊಟ, ವ್ಯಾಯಾಮ, ಮದ್ಯ. ಇವುಗಳಲ್ಲಿ ಬಹುತೇಕ ನಮ್ಮ ಕೈಯಲ್ಲೇ ಇವೆ.

ವಲಸೆ ಬಂದವರ ದಿನಚರಿಯಲ್ಲಿ ಮೈ ಅಲುಗಾಡುವುದೇ ಕಡಿಮೆ. ಕಂಪನಿ ಬಸ್ಸು ಮನೆ ಬಾಗಿಲಿಗೆ ಬರುತ್ತದೆ, ಕ್ಯಾಂಟೀನ್ ಊಟ, ರಾತ್ರಿ ಪಾಳಿ, ಭಾನುವಾರ ನಿದ್ದೆ ಮತ್ತು ಟಿವಿ. "ದಿನವಿಡೀ ನಿಂತೇ ಇರ್ತೀನಲ್ಲ" ಎನ್ನುವ ಹೋಟೆಲ್ ಮಾಲೀಕರಿಗೂ, "ಮನೆಗೆಲಸವೇ ವ್ಯಾಯಾಮ" ಎನ್ನುವ ತಾಯಂದಿರಿಗೂ ಒಂದು ಮಾತು: ಹೃದಯದ ಬಡಿತ ಏರಿ, ಹಣೆಯಲ್ಲಿ ಬೆವರು ಮೂಡಿ, ಅದು ಇಪ್ಪತ್ತು ಮೂವತ್ತು ನಿಮಿಷ ಹಾಗೆಯೇ ಉಳಿಯಬೇಕು. ನಿಂತ ಕಾಲಿನ ಆಯಾಸ ಬೇರೆ, ಹೃದಯದ ವ್ಯಾಯಾಮ ಬೇರೆ.

*ನದಿ ಕಣಿವೆಯ ಗುಟ್ಟು*

ನಾಸಿಕ್‌ನಿಂದ ಪೈಠಣದವರೆಗೆ ರಸ್ತೆಯಲ್ಲಿ ಸುಮಾರು 200 ಕಿ.ಮೀ. ಇಷ್ಟು ದೂರದಲ್ಲಿ ಗೋದಾವರಿ ಇಳಿಯುವುದು ನೂರರಿಂದ ನೂರೈವತ್ತು ಮೀಟರ್ ಮಾತ್ರ. ಕಿಲೋಮೀಟರಿಗೆ ಒಂದು ಮೀಟರೂ ಇಲ್ಲ! ನದಿಯ ಜೊತೆಯಲ್ಲೇ ಸಾಗುವ ದಾರಿ ಹೃದಯಕ್ಕೆ ದಿಢೀರ್ ಹೊರೆ ಹೇರುವುದಿಲ್ಲ.

ಸರಳ ಲೆಕ್ಕ ನೋಡಿ. ಸವಾರ, ಸೈಕಲ್ ಸೇರಿ 85 ಕೆ.ಜಿ. ಎಂದಿಟ್ಟುಕೊಳ್ಳಿ. ಗಾಳಿಯಿಲ್ಲದ ಸಮತಟ್ಟಿನಲ್ಲಿ ಗಂಟೆಗೆ 15 ಕಿ.ಮೀ. ವೇಗಕ್ಕೆ ಕಾಲುಗಳು ಕೊಡಬೇಕಾದ ಶಕ್ತಿ ಸುಮಾರು 50 ವ್ಯಾಟ್. ನೂರು ಮೀಟರಿಗೆ ಐದು ಮೀಟರ್ ಏರುವ ದಿಬ್ಬದಲ್ಲಿ ವೇಗವನ್ನು 10 ಕಿ.ಮೀ.ಗೆ ಇಳಿಸಿದರೂ 120 ವ್ಯಾಟ್ ದಾಟುತ್ತದೆ. ವೇಗ ಕಡಿಮೆ, ಹೊರೆ ಎರಡು ಪಟ್ಟಿಗೂ ಹೆಚ್ಚು. ಅಭ್ಯಾಸವಿಲ್ಲದ ಐವತ್ತರ ಹೃದಯಕ್ಕೆ ಅಪಾಯ ಬರುವುದು ಇಂಥ ಹಠಾತ್ ಏರಿನಲ್ಲಿ.

ಯುರೋಪಿನವರು ಇದನ್ನು ಎಂದೋ ಕಂಡುಕೊಂಡರು. ಜರ್ಮನಿಯ ಪಾಸೌನಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ ಡಾನ್ಯೂಬ್ ದಂಡೆಯಲ್ಲಿ 300 ಕಿ.ಮೀ.ಗೂ ಮೀರಿದ ಸೈಕಲ್ ದಾರಿಯಿದೆ. ಅದರ ಬಹುಭಾಗದಲ್ಲಿ ಕಾರುಗಳ ಕಾಟವಿಲ್ಲ. ಅಜ್ಜ ಅಜ್ಜಿಯರೂ ದಿನಕ್ಕೆ ನಲವತ್ತು ಐವತ್ತು ಕಿ.ಮೀ. ತುಳಿದು, ಸಂಜೆ ಒಂದು ಊರಿನಲ್ಲಿ ತಂಗಿ, ಮರುದಿನ ಮುಂದೆ ಸಾಗುತ್ತಾರೆ. ಅಂಥ ಫಲಕ ಹಾಕಿದ ದಾರಿ ಗೋದಾವರಿಗೆ ಇನ್ನೂ ಆಗಿಲ್ಲ. ಆದರೆ ಹಳ್ಳಿ ರಸ್ತೆ ಮತ್ತು ಕಾಲುವೆ ದಂಡೆಗಳು ಸೂರ್ಯೋದಯದ ಹೊತ್ತಿಗೆ ಬಹುಮಟ್ಟಿಗೆ ಖಾಲಿ ಇರುತ್ತವೆ.

*ಸೈಕಲ್ ಏನು ಮಾಡುತ್ತದೆ?*

1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಡಬಲ್ ಡೆಕರ್ ಬಸ್ ಸಿಬ್ಬಂದಿಯ ಅಧ್ಯಯನ ಪ್ರಕಟಿಸಿದರು. ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗಿಂತ ಕೂತೇ ಇರುವ ಚಾಲಕರಿಗೆ ಹೃದ್ರೋಗ ಹೆಚ್ಚು ಎಂದು ಅದರಲ್ಲಿ ಗೊತ್ತಾಯಿತು. 2017ರಲ್ಲಿ ಬ್ರಿಟನ್ನಿನ ಸುಮಾರು 2 ಲಕ್ಷ 64 ಸಾವಿರ ಜನರ ಅಧ್ಯಯನದಲ್ಲಿ, ಸೈಕಲ್ ತುಳಿದು ಕೆಲಸಕ್ಕೆ ಹೋಗುವವರಿಗೆ ಹೃದ್ರೋಗದ ಅಪಾಯ ವಾಹನದಲ್ಲಿ ಹೋಗುವವರಿಗಿಂತ ಶೇ. 46ರಷ್ಟು ಕಡಿಮೆ ಕಂಡುಬಂತು. ಸೈಕಲ್ ತುಳಿಯುವವರ ಉಳಿದ ಅಭ್ಯಾಸಗಳೂ ಚೆನ್ನಾಗಿರಬಹುದು, ಹಾಗಾಗಿ ಪೂರ್ತಿ ಶ್ರೇಯ ಸೈಕಲ್ಲಿಗೇ ಸಲ್ಲದು. ಆದರೂ ಇದು ಸಣ್ಣ ವ್ಯತ್ಯಾಸವಲ್ಲ.

ದೇಹದ ಭಾರವನ್ನು ಸೀಟು ಹೊರುವುದರಿಂದ ಮಂಡಿಗೆ ಪೆಟ್ಟು ಕಡಿಮೆ. ತೊಡೆಯ ದೊಡ್ಡ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ. ವಾರಗಳು ಕಳೆದಂತೆ ಬಿಪಿ ಸ್ವಲ್ಪ ಇಳಿಯುತ್ತದೆ, ವಿಶ್ರಾಂತಿಯಲ್ಲಿನ ನಾಡಿಬಡಿತ ನಿಧಾನವಾಗುತ್ತದೆ. ಮಾತ್ರೆಯನ್ನು ಮಾತ್ರ ನೀವೇ ನಿಲ್ಲಿಸಬೇಡಿ, ಅದನ್ನು ವೈದ್ಯರು ತೀರ್ಮಾನಿಸಲಿ.

*ಎಲ್ಲಿ ತುಳಿಯಬಹುದು?*

*ನಾಸಿಕ್‌ನವರಿಗೆ:* ಊರಿನಿಂದ ಪಶ್ಚಿಮಕ್ಕೆ, ಸೋಮೇಶ್ವರದ ಮಾರ್ಗವಾಗಿ ಗಂಗಾಪುರ ಅಣೆಕಟ್ಟಿನ ಕಡೆ. ಇದು ನದಿಗೆ ಎದುರಾಗಿ ಸಾಗುವ ದಾರಿ, ಮರಳುವಾಗ ಇಳಿಜಾರು ನಿಮ್ಮ ಪರ. ಮಳೆಗಾಲದಲ್ಲಿ ಗಾಳಿಯೂ ಪಶ್ಚಿಮದಿಂದ ಬೀಸುವುದರಿಂದ ದಣಿದ ಹೊತ್ತಿಗೆ ಅದೇ ನಿಮ್ಮನ್ನು ಮನೆಗೆ ತಳ್ಳುತ್ತದೆ. ವಾರಾಂತ್ಯದಲ್ಲಿ ಹೊತ್ತೇರಿದ ಮೇಲೆ ಇಲ್ಲಿ ಪ್ರವಾಸಿ ಕಾರುಗಳು ಹೆಚ್ಚು. ಎಂಟರೊಳಗೆ ಹಿಂದಿರುಗಿ.

*ಅರ್ಧ ದಿನದ ಪ್ರವಾಸಕ್ಕೆ:* ನಿಫಾಡ್ ತಾಲ್ಲೂಕಿನ ನಾಂದೂರ್ ಮಧ್ಯಮೇಶ್ವರ, ನಾಸಿಕ್‌ನಿಂದ ಸುಮಾರು 40 ಕಿ.ಮೀ. ಗೋದಾವರಿ ಮತ್ತು ಕಾದವಾ ನದಿಗಳ ಸಂಗಮದಲ್ಲಿ ಕಟ್ಟಿದ ಒಡ್ಡಿನ ಹಿನ್ನೀರಿನಲ್ಲಿ ಚಳಿಗಾಲದಲ್ಲಿ ಸಾವಿರಾರು ವಲಸೆ ಹಕ್ಕಿಗಳು ಬಂದಿಳಿಯುತ್ತವೆ. ಇದು ಮಹಾರಾಷ್ಟ್ರದ ಮೊದಲ ರಾಮ್ಸರ್ ತಾಣ, ಜನ ಇದನ್ನು ಮಹಾರಾಷ್ಟ್ರದ ಭರತಪುರ ಎನ್ನುತ್ತಾರೆ. ಸೈಕಲ್‌ಗಳನ್ನು ಗಾಡಿಯಲ್ಲಿ ನಿಫಾಡಿನವರೆಗೆ ಒಯ್ದು, ಅಲ್ಲಿಂದ ದ್ರಾಕ್ಷಿ, ಈರುಳ್ಳಿ ಹೊಲಗಳ ನಡುವಿನ ಹಳ್ಳಿ ದಾರಿ ಹಿಡಿಯಿರಿ.

*ಸಂಭಾಜಿನಗರದವರಿಗೆ:* ಸುಮಾರು 50 ಕಿ.ಮೀ. ದಕ್ಷಿಣಕ್ಕೆ ಪೈಠಣ. ಶಾತವಾಹನರ ಪ್ರತಿಷ್ಠಾನ, ಸಂತ ಏಕನಾಥರ ಊರು. 1976ರಲ್ಲಿ ಉದ್ಘಾಟನೆಯಾದ ಜಾಯಕವಾಡಿ ಅಣೆಕಟ್ಟು ಇಲ್ಲೇ ಇದೆ. ಅದರ ಮಣ್ಣಿನ ಗೋಡೆಯೇ ಸುಮಾರು 10 ಕಿ.ಮೀ. ಉದ್ದ. ಹೆದ್ದಾರಿಯಲ್ಲಿ ಸೈಕಲ್ ಬೇಡ. ಗಾಡಿಯಲ್ಲಿ ಪೈಠಣ ತಲುಪಿ, ಕಾಲುವೆ ಪಕ್ಕದ ಹಳ್ಳಿ ರಸ್ತೆಗಳಲ್ಲಿ ತುಳಿಯಿರಿ. ಕಾಲುವೆ ದಂಡೆ ನೀರಾವರಿ ಇಲಾಖೆಗೆ ಸೇರಿದ್ದು, ಸ್ಥಳೀಯರನ್ನು ಕೇಳಿ ಮುಂದುವರಿಯಿರಿ. ಅಣೆಕಟ್ಟಿನ ಮೇಲೆ ಅನುಮತಿಯಿಲ್ಲದೆ ಹೋಗಬೇಡಿ, ಮಕ್ಕಳನ್ನು ಕಾಲುವೆಯ ಅಂಚಿಗೆ ಬಿಡಬೇಡಿ.

*ಈಗಲೇ ಬೇಡವಾದವು:* ತ್ರ್ಯಂಬಕೇಶ್ವರದ ಏರು, ಕಸಾರಾ ಘಾಟ್, ದೌಲತಾಬಾದ್ ದಾಟಿ ಎಲ್ಲೋರಕ್ಕೆ ಹೋಗುವ ಘಾಟ್. ನೋಟ ಚೆಂದ, ಆದರೆ ಹೊಸಬರ ಹೃದಯಕ್ಕಲ್ಲ. 2027ರ ಸಿಂಹಸ್ಥದ ದಿನಗಳಲ್ಲಿ ನಾಸಿಕ್‌ನ ಸ್ನಾನಘಟ್ಟಗಳ ಕಡೆಯೂ ಬೇಡ.

ಜೊತೆ ಬೇಕೆನ್ನುವವರಿಗೆ ನಾಸಿಕ್ ಒಳ್ಳೆಯ ಊರು. ಇಲ್ಲಿನ ನಾಸಿಕ್ ಸೈಕ್ಲಿಸ್ಟ್ಸ್ ಫೌಂಡೇಶನ್ ವರ್ಷವರ್ಷ ಪಂಢರಪುರಕ್ಕೆ ಸೈಕಲ್ ವಾರಿ ನಡೆಸುತ್ತದೆ. 2015ರಲ್ಲಿ ಇಲ್ಲಿನ ವೈದ್ಯ ಸಹೋದರರಾದ ಹಿತೇಂದ್ರ ಮತ್ತು ಮಹೇಂದ್ರ ಮಹಾಜನ್ ಜೋಡಿಯಾಗಿ, 2017ರಲ್ಲಿ ಇಲ್ಲಿದ್ದ ಸೇನಾ ವೈದ್ಯ ಶ್ರೀನಿವಾಸ ಗೋಕುಲನಾಥ್ ಒಬ್ಬರೇ, ಸುಮಾರು 4,800 ಕಿ.ಮೀ.ಗಳ 'ರೇಸ್ ಅಕ್ರಾಸ್ ಅಮೆರಿಕ' ಮುಗಿಸಿದರು. ಅವರನ್ನು ಮೆಚ್ಚೋಣ, ಅನುಕರಿಸುವುದು ಬೇಡ. ನಮಗೆ ಹದಿನೈದು ಕಿ.ಮೀ. ಸಾಕು.

*ಯಾರು ಮೊದಲು ವೈದ್ಯರನ್ನು ಕಾಣಬೇಕು?*

• ನಡೆಯುವಾಗ, ಮೆಟ್ಟಿಲು ಹತ್ತುವಾಗ ಎದೆ ಬಿಗಿತ, ಏದುಸಿರು, ತಲೆಸುತ್ತು ಬರುವವರು
• ಸಕ್ಕರೆ ಕಾಯಿಲೆ, ಹತೋಟಿಗೆ ಬಾರದ ಬಿಪಿ, ಬೀಡಿ ಸಿಗರೇಟಿನ ಅಭ್ಯಾಸ ಇರುವವರು
• ಮನೆಯಲ್ಲಿ ಚಿಕ್ಕ ವಯಸ್ಸಿಗೆ ಹೃದಯಾಘಾತ ಅಥವಾ ಹಠಾತ್ ಸಾವು ಆಗಿದ್ದರೆ
• ಸ್ಟೆಂಟ್ ಹಾಕಿಸಿಕೊಂಡವರು, ಬೈಪಾಸ್ ಆದವರು. ಬೈಪಾಸ್ ನಂತರ ಎದೆಮೂಳೆ ಗಟ್ಟಿಯಾಗಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಹ್ಯಾಂಡಲ್ ಮೇಲೆ ಭಾರ ಹಾಕುವಂತಿಲ್ಲ.
• ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು. ಬಿದ್ದರೆ ತಲೆಯೊಳಗೆ ರಕ್ತಸ್ರಾವದ ಭಯ, ಆದ್ದರಿಂದ ಹೆಲ್ಮೆಟ್ ಇಲ್ಲದೆ ಹತ್ತಲೇಬೇಡಿ.

ಇವರಾರೂ ಸೈಕಲ್ ತುಳಿಯಬಾರದು ಎಂದು ಇದರ ಅರ್ಥವಲ್ಲ. ಪರೀಕ್ಷೆಯ ನಂತರ ಬಹುತೇಕರು ತುಳಿಯಬಹುದು. ಕಾಲಿನ ಬಲ ಸಾಲದವರಿಗೆ ತುಳಿದಾಗ ಮಾತ್ರ ನೆರವಾಗುವ ಬ್ಯಾಟರಿ ಸೈಕಲ್ಲೂ ಒಳ್ಳೆಯದೇ.

*ಆರು ವಾರದ ಯೋಜನೆ*

1. ಮೊದಲ ಎರಡು ವಾರ: ದಿನಕ್ಕೆ 5 ಕಿ.ಮೀ., ವಾರಕ್ಕೆ ನಾಲ್ಕು ದಿನ.
2. ಮೂರು, ನಾಲ್ಕನೇ ವಾರ: 8ರಿಂದ 10 ಕಿ.ಮೀ.
3. ಐದು, ಆರನೇ ವಾರ: 12ರಿಂದ 15 ಕಿ.ಮೀ., ಭಾನುವಾರ ಮನೆಯವರೊಂದಿಗೆ 20 ಕಿ.ಮೀ.

ಹಿಂದಿನ ಹಂತ ಆರಾಮಾಗಿ ಆಗಿದ್ದರೆ ಮಾತ್ರ ಮುಂದಿನದು. ಇಷ್ಟಾದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರಕ್ಕೆ 150 ನಿಮಿಷ ತಾನಾಗಿಯೇ ತುಂಬುತ್ತದೆ.

ವೇಗ ಎಷ್ಟಿರಬೇಕು? ಪಕ್ಕದವರೊಂದಿಗೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಬಿಪಿ ಮಾತ್ರೆಗಳಲ್ಲಿ ಕೆಲವು ನಾಡಿಬಡಿತವನ್ನು ತಡೆಹಿಡಿಯುವುದರಿಂದ ಗಡಿಯಾರದ ಅಂಕಿಗಿಂತ ಈ ಮಾತಿನ ಪರೀಕ್ಷೆಯೇ ನಂಬಿಕೆಗೆ ಅರ್ಹ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟಾಗ ಕಾಲು ನೆಟ್ಟಗಾಗುವಷ್ಟು ಸೀಟು ಎತ್ತರಿಸಿ, ಅರ್ಧ ಮಂಡಿನೋವು ಅಲ್ಲೇ ಹೋಗುತ್ತದೆ.

*ದಾರಿಯಲ್ಲಿ ನೆನಪಿರಲಿ*

• ನಿಫಾಡಿನಲ್ಲಿ ಚಳಿಗಾಲದ ಬೆಳಗು 5 ಡಿಗ್ರಿಗಿಂತ ಕೆಳಗೂ ಇಳಿಯುವುದುಂಟು. ಚಳಿಗೆ ರಕ್ತನಾಳ ಬಿಗಿದು ಬಿಪಿ ಏರುತ್ತದೆ. ಡಿಸೆಂಬರ್, ಜನವರಿಯಲ್ಲಿ ಬಿಸಿಲು ಮೂಡಿದ ಮೇಲೆ, ಕಿವಿ ಎದೆ ಮುಚ್ಚಿಕೊಂಡು ಹೊರಡಿ.
• ಮರಾಠವಾಡಾದ ಬೇಸಿಗೆ 40 ಡಿಗ್ರಿ ದಾಟುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಎಂಟರೊಳಗೆ ಮನೆ ಸೇರಿ. ಮೂತ್ರ ಹೆಚ್ಚಿಸುವ ಮಾತ್ರೆ ಇರುವವರು ಎಷ್ಟು ನೀರು ಕುಡಿಯಬೇಕೆಂದು ವೈದ್ಯರನ್ನು ಕೇಳಿಕೊಳ್ಳಿ.
• ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಬೇಡ. ಜೇಬಿನಲ್ಲಿ ಗ್ಲೂಕೋಸ್ ಇರಲಿ. ಕೈನಡುಕ, ತಣ್ಣನೆ ಬೆವರು ಬಂದರೆ ನಿಲ್ಲಿಸಿ ತಿನ್ನಿ.
• ಹತ್ತು ಕಿ.ಮೀ. ತುಳಿದು ಮಿಸಳ್ ಪಾವ್, ಭಜಿ, ಕಬ್ಬಿನ ಹಾಲು ಮುಗಿಸಿದರೆ ಲೆಕ್ಕ ಸಮ. ಬುತ್ತಿ ಮನೆಯಿಂದಲೇ ಬರಲಿ.

*ಎದೆನೋವು ಬಂದರೆ*

ತಕ್ಷಣ ನಿಲ್ಲಿಸಿ, ನೆರಳಿನಲ್ಲಿ ಕೂರಿ. 108ಕ್ಕೆ ಕರೆ ಮಾಡಿ. ಸೈಕಲ್ ಅಥವಾ ಗಾಡಿ ನೀವೇ ಓಡಿಸಿಕೊಂಡು ಆಸ್ಪತ್ರೆಗೆ ಹೋಗಬೇಡಿ. ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ 300 ಮಿ.ಗ್ರಾಂ ಆಸ್ಪಿರಿನ್ ಅಗಿದು ನುಂಗಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆನೋವಿನ ಬದಲು ಏದುಸಿರು, ದವಡೆ ನೋವು, ವಿಪರೀತ ಸುಸ್ತು ಮಾತ್ರ ಇರಬಹುದು. "ಗ್ಯಾಸ್ ಇರಬೇಕು" ಎಂದು ಕಾಯಬೇಡಿ.

ಜೋರಾಗಿ ಕೆಮ್ಮಿದರೆ ಹೃದಯಾಘಾತ ನಿಲ್ಲುತ್ತದೆ ಎಂಬ ಸಂದೇಶ ವರ್ಷಗಳಿಂದ ಓಡಾಡುತ್ತಿದೆ. ಅದನ್ನು ನಂಬಬೇಡಿ, ಮುಂದೆ ಕಳಿಸಲೂಬೇಡಿ. ಜೊತೆಗಿರುವವರು ಕುಸಿದು, ಪ್ರಜ್ಞೆ ತಪ್ಪಿ, ಉಸಿರಾಟ ನಿಂತರೆ ಎದೆಯ ನಡುವೆ ಎರಡೂ ಕೈಯಿಟ್ಟು 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಿ. ಆಂಬುಲೆನ್ಸ್ ಬರುವ ತನಕ ನಿಲ್ಲಿಸಬೇಡಿ.

ಊರಿನಿಂದ ಬಂದ ಅಪ್ಪ ಅಮ್ಮನಿಗೆ ಮರಾಠಿ ಬಾರದು. ಅವರಿಗೆ ಮೂರು ಮಾತು ಕಲಿಸಿಡಿ:
"ಛಾತೀತ ದುಖತಂಯ" – ಎದೆ ನೋಯುತ್ತಿದೆ.
"ಶ್ವಾಸ ಘ್ಯಾಯ್ಲಾ ತ್ರಾಸ ಹೋತೋಯ್" – ಉಸಿರಾಡಲು ಕಷ್ಟವಾಗುತ್ತಿದೆ.
"ಲವಕರ ದವಾಖಾನ್ಯಾತ ನ್ಯಾ" – ಬೇಗ ಆಸ್ಪತ್ರೆಗೆ ಕರೆದೊಯ್ಯಿರಿ.

ಹೆಸರು, ಕಾಯಿಲೆ, ಮಾತ್ರೆ, ಮನೆಯವರ ಫೋನ್ ನಂಬರ್ ಬರೆದ ಚೀಟಿಯನ್ನು ಮರಾಠಿಯಲ್ಲಿ ಬರೆಸಿ ಜೇಬಿನಲ್ಲಿಡಿ. ಪರಊರಿನಲ್ಲಿ ಅಣ್ಣತಮ್ಮಂದಿರು ಪಕ್ಕದ ಬೀದಿಯಲ್ಲಿ ಇರುವುದಿಲ್ಲ. ಆ ಚೀಟಿಯೇ ನಮ್ಮ ಪರವಾಗಿ ಮಾತಾಡಬೇಕು.

ಮಕ್ಕಳ ಸೈಕಲ್ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿದ್ದರೆ ಈ ಶನಿವಾರ ಹೊರತೆಗೆದು ಗಾಳಿ ತುಂಬಿಸಿ, ಬ್ರೇಕ್ ನೋಡಿಸಿ. ನಿಮ್ಮ ಸಂಘದ ಗುಂಪಿನಲ್ಲಿ ನಾಲ್ಕು ಜನರನ್ನು ಜೊತೆ ಮಾಡಿಕೊಳ್ಳಿ. ಭಾನುವಾರ ಐದೇ ಕಿಲೋಮೀಟರ್, ನದಿಯ ಪಕ್ಕದಲ್ಲಿ.

ಉಪಯುಕ್ತವೆನಿಸಿದರೆ ಮನೆ ಬಿಟ್ಟು ದೂರ ದುಡಿಯುತ್ತಿರುವ ನಿಮ್ಮವರಿಗೂ ಕಳುಹಿಸಿ. ಇದು ಸಾಮಾನ್ಯ ಮಾಹಿತಿ, ನಿಮ್ಮ ವೈದ್ಯರ ಸಲಹೆಗೆ ಬದಲಿಯಲ್ಲ.

– ನಿಮ್ಮ ಹೃದ್ರೋಗ ವೈದ್ಯ, ಎಂ.ಡಿ.